ಹಸಿರಾಗಿ ಹೊಳೆದ ಸುಳ್ಳು

ಮಗಳೇ,

ನಿನ್ನ ಮಗಳು ಇವತ್ತು ಲ್ಯಾಬಿನಿಂದ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಬಂದಳು. ಜೀವಕೋಶದ ಮೈಮೇಲಿರುವ ರಿಸೆಪ್ಟರ್ ಎಂಬ ಪ್ರೋಟೀನನ್ನು ಮಾತ್ರ ಹುಡುಕಿ ಅಂಟಿ, ಹಸಿರು ಬಣ್ಣದಿಂದ ತೋರಿಸಿಕೊಡಬೇಕಾದ ಅವಳ ಆಂಟಿಬಾಡಿ, ಅದು ಇಲ್ಲದ ಜೀವಕೋಶಕ್ಕೂ ಅಂಟಿ ಹಸಿರಾಗಿ ಹೊಳೆಯಿತಂತೆ. ವರ್ಷಗಟ್ಟಲೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಇವಳೇ ಹೋಗಿ ಲ್ಯಾಬಿನ ಮೇಡಂಗೆ ಹೇಳಿದ್ದಾಳೆ.

"ನಿನ್ನನ್ನ ಯಾರು ಕೇಳಿದ್ರೇ? ಬಾಯಿಗೆ ಬೀಗ ಹಾಕ್ಕೊಂಡು ಇರೋಕಾಗಲಿಲ್ವಾ?" ಎಂದೆ.

"ಅಜ್ಜಿ, ನಾಳೆ ಇದನ್ನೇ ನಂಬಿ ಕ್ಯಾನ್ಸರ್ ಗಡ್ಡೆ ಪರೀಕ್ಷೆ ಮಾಡಿ, ಯಾರದೋ ಅಮ್ಮನಿಗೆ ತಪ್ಪು ಔಷಧಿ ಕೊಟ್ರೆ? ನಮ್ಮಮ್ಮನ ಥರ ಅವರೂ ಹೋಗಿಬಿಟ್ರೆ?"

ಹತ್ತಿರ ಕೂರಿಸಿಕೊಂಡು ಅವಳ ತಲೆ ಬಾಚಿದೆ. ಥೇಟ್ ನಿನ್ನ ಕೂದಲೇ ಕಣೇ, ಔಷಧಿಗೆ ಉದುರುವ ಮುಂಚಿನದು. ಒಂದು ಹಿಡಿಗೆ ಸಿಗುವುದಿಲ್ಲ.