ಕುಡಿ ಚಿವುಟಿದ ತಪ್ಪು

ಜೂನ್ 4, ಬುಧವಾರ

...ಹಾಗಾಗಿ ಗುಲಾಬಿ ದಂಡ. ನಿನ್ನೆ ಬರೆದದ್ದೇ ಸರಿ. ಅಂಗಡಿ ಹೂವಿಗೆ ವಾಸನೆಯೇ ಇಲ್ಲ. ಅಕ್ಕ ಒಮ್ಮೆ ಮೂಸಿ, "ಚೆನ್ನಾಗಿದೆ ಸಾರ್, ಅಲ್ಲೇ ಇಟ್ಟು ಹೋಗಿ" ಅಂದಳು. ಬೆನ್ನಿಗೆ ಬಿದ್ದ ತಮ್ಮ ನಾನು. ನಾಲ್ಕು ತಿಂಗಳಿಂದ ಸಾರ್ ಆಗಿದ್ದೇನೆ.

ವೃದ್ಧರ ಹೋಮಿನ ನರ್ಸ್ ಹೇಳಿದಳು, "ಹೂವು ಬೇಡ ತಾತ. ಅವರ ಕೈಗೆ ಗೊತ್ತಿರೋದನ್ನ ತನ್ನಿ. ತಲೆ ಮರೆತಿದ್ದನ್ನ ಕೈ ಮರೆತಿರಲ್ಲ." ಥೆರಪಿಯಂತೆ. ಕಾಲೇಜಿನಲ್ಲಿ ಪ್ರಕೃತಿಯೇ ಮದ್ದು ಅಂತ ಇಂಗ್ಲಿಷ್ ಎಸ್ಸೇ ಬರೆದಿದ್ದೆ. ನೇಚರ್ ಈಸ್ ದಿ ಬೆಸ್ಟ್... ಬೆಸ್ಟ್ ಏನೋ. ಇಪ್ಪತ್ತಕ್ಕೆ ಹನ್ನೊಂದು ಬಂದಿತ್ತು. ನನ್ನ ತಲೆಯೂ ಅಷ್ಟರಲ್ಲೇ ಇದೆ.

ಅಕ್ಕನ ಕೈಗೆ ಗೊತ್ತಿರುವುದು ಒಂದೇ — ಸಸಿ. ಮೂವತ್ತು ವರ್ಷ ನರ್ಸರಿ ನಡೆಸಿದವಳು. ಹಿತ್ತಲಲ್ಲಿ ನಾಲ್ಕು ಕುಂಡ ಟೊಮ್ಯಾಟೊ ಇದೆ. ನೋಡೋಣ.

ಜೂನ್ 9, ಸೋಮವಾರ. ಸಂಜೆ

ಕೈ ಇನ್ನೂ ಉರಿಯುತ್ತಿದೆ. ಬರೆಯಲೇಬೇಕು.

ಒಂದು ಕುಂಡ ಹೊತ್ತುಕೊಂಡು ಹೋದೆ. ಹೋಮಿನ ಹಿಂದಿನ ಬೆಂಚಿನಲ್ಲಿ ಕೂತೆವು. ಎಲೆ ಉಜ್ಜಿ ಕೊಟ್ಟೆ. ಮೂಸಿದಳು. ಮತ್ತೆ ಮೂಸಿದಳು. ಬೆರಳಿಗೆ ಹತ್ತಿದ ಹಸಿರನ್ನೇ ನೋಡುತ್ತ ಕೂತಳು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ — ತೀರಿಹೋದ ಹೆಂಡತಿಯೂ ಇದಕ್ಕೇ ಬೈಯುತ್ತಿದ್ದಳು. ಗಿಡದ ತುದಿ ಚಿವುಟಿದೆ.

ಫಟ್ ಅಂತ ಬಿತ್ತು ಏಟು.

"ಕುಡಿ ಚಿವುಟ್ತೀಯಲ್ಲೋ ಮೊದ್ದುಮಣಿ. ಎಲೆ ಸಂದೀಲಿ ಬರೋ ಕಂಕುಳ ಚಿಗುರು ತೆಗಿ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಕುಡಿ ಹೋದ್ರೆ ಗಿಡ ಮೇಲೆ ಹೋಗುತ್ತಾ?"

ಮೊದ್ದುಮಣಿ. ನಲವತ್ತೊಂದು ವರ್ಷ ಸಂಸಾರ ಮಾಡಿದವಳಿಗೂ ಈ ಹೆಸರು ಹೇಳಿರಲಿಲ್ಲ, ಮರ್ಯಾದೆ ಹೋಗುತ್ತದೆಂದು. ಈಗ ಇದನ್ನು ಬಲ್ಲವರು ಭೂಮಿಯ ಮೇಲೆ ಇಬ್ಬರೇ.

ಎರಡು ನಿಮಿಷ ಅಷ್ಟೇ. ಆಮೇಲೆ, "ಸಾರ್, ಟೀ ಬಂತಾ?"

ಜೂನ್ 10

ಎರಡನೇ ಕುಂಡ. ಬೇಕಂತಲೇ ಚಿವುಟಿದೆ. "ತಾಳು, ಅಪ್ಪಂಗೆ ಹೇಳ್ತೀನಿ" ಅಂದಳು. ಎಪ್ಪತ್ತೊಂದರಲ್ಲೂ ಚಿವುಟಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ. ಸುಖವಾಗಿತ್ತು.

ಜೂನ್ 12, ಗುರುವಾರ

ಮೂರನೆಯದೂ ಬೋಳು. ಮೂರೂ ಕುಂಡ ಬೆಂಚಿನ ಪಕ್ಕದಲ್ಲೇ ಸಾಲಾಗಿವೆ. ನರ್ಸ್ ಹಿಡಿದಳು. "ಬೈಸ್ಕೊಳ್ಳೋಕೆ ಇಷ್ಟು ಆಸೇನಾ ತಾತ?"

ಹೌದು ಅಂದೆ. ಮುಚ್ಚಿಡುವುದೇನಿದೆ.

ಆಕೆ ನಗಲಿಲ್ಲ. "ನೀವು ಹೋದ್ಮೇಲೆ ಅವ್ರು ಆ ಗಿಡಗಳನ್ನ ಸವರ್ತಾ ಅಳ್ತಾರೆ. ಯಾಕೆ ಅಂತ ಅವ್ರಿಗೂ ಗೊತ್ತಿಲ್ಲ. ಮೂರು ದಿನದಿಂದ ಊಟ ಅರ್ಧಕ್ಕೇ ಬಿಡ್ತಿದ್ದಾರೆ."

ಬೈದದ್ದು ಅವಳಿಗೆ ಮರೆಯುತ್ತದೆ. ಗಿಡ ಹಾಳಾದದ್ದು ಮರೆಯುವುದಿಲ್ಲ. ನನಗೆ ತಮ್ಮನಾಗುವ ಆಸೆ, ಅವಳಿಗೆ ಉಪವಾಸ. ಸೆಲ್ಫಿಶ್ — ಈ ಪದದ ಸ್ಪೆಲಿಂಗ್ ಮಾತ್ರ ಎಂದೂ ತಪ್ಪಿರಲಿಲ್ಲ.

ಜೂನ್ 20, ಶುಕ್ರವಾರ. ಬೆಂಚಿನ ಮೇಲೆ

ವಾರ ಪೂರ್ತಿ ಮುಖ ತೋರಿಸಲಾಗಲಿಲ್ಲ. ಇವತ್ತು ಕೊನೆಯ ಕುಂಡ ತಂದೆ. ಕುಡಿ ಮುಟ್ಟಬಾರದು, ಸಾರ್ ಆಗಿಯೇ ಇದ್ದರಾಯಿತು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.

ಕಂಕುಳ ಚಿಗುರನ್ನಷ್ಟೇ ತೆಗೆದೆ. ಒಂದು. ಎರಡು. ಅಕ್ಕ ಕಣ್ಣು ಕೀಳದೆ ನೋಡುತ್ತಿದ್ದಳು.

"ಚೆನ್ನಾಗಿ ಕಲ್ತಿದ್ದೀರಿ ಸಾರ್. ಯಾರು ಹೇಳ್ಕೊಟ್ರು?"

"ನಮ್ಮಕ್ಕ."

"ಗಟ್ಟಿಗಿತ್ತಿ ಇರ್ಬೇಕು."

"ಕೈ ಸ್ವಲ್ಪ ಜೋರು."

ನಕ್ಕಳು. ಗಿಡವನ್ನು ತನ್ನ ಕಡೆಗೆ ಎಳೆದುಕೊಂಡಳು. "ನಮ್ಮನೇಲೂ ಒಬ್ಬ ಇದ್ದ, ಮೊದ್ದುಮಣಿ. ಬಡ್ಕೊಂಡ್ರೂ ಕುಡೀನೇ ಚಿವುಟೋನು. ಆದ್ರೆ ಒಂದು ದಿನ ತಪ್ಪಿಸ್ತಿರ್ಲಿಲ್ಲ. ಬೈಸ್ಕೊಂಡು ಮತ್ತೆ ಬರೋನು."

"ಈಗ ಎಲ್ಲಿದ್ದಾನೆ?"

"ಬರ್ತಾನೆ. ನೀರು ಹಾಕೋ ಹೊತ್ತಿಗೆ ಬಂದೇ ಬರ್ತಾನೆ."

ಈ ಪುಸ್ತಕ ತೆಗೆದು ಬರೆಯುತ್ತ ಕೂತೆ. ಪಕ್ಕದಲ್ಲಿ ಅವಳ ಹೆಬ್ಬೆರಳು ಕಾಂಡದುದ್ದಕ್ಕೂ ಇಳಿಯುತ್ತಿದೆ, ಒಂದೊಂದೇ ಕಂಕುಳು ಹುಡುಕುತ್ತ. ಅವಳಿಗೆ ಕಣ್ಣಿನ ಹಂಗಿಲ್ಲ. ನನಗೇ ಗೆರೆ ಕಾಣಿಸುತ್ತಿಲ್ಲ, ಬೆಳಕು ಇಳಿಯುತ್ತಿದೆ. ಅಯ್ಯೋ, ನೀರು ಹಾಕುವ ಹೊತ್ತಾಯಿತಲ್ಲ. ನೀರಿನ ಕ್ಯಾನು ಎಲ್ಲಿ