ಅರಿಶಿನ ಹಚ್ಚಿದ ಮೆಟ್ಟಿಲು

ಅವ್ವಾ,

ನಿನ್ನ ವರ್ಷದ ತಿಥಿ ಮುಗಿದ ವಾರವೇ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ನಮ್ಮ ಗಾಲಿಮನೆ, ಆ ಕ್ಯಾಂಪರ್ ಟ್ರೇಲರಿನ ಅಲುಗಾಡುವ ಮೆಟ್ಟಿಲನ್ನು ಬದಲಿಸಿಬಿಟ್ಟೆ. ಖಡಕಿಯ ಅಂಗಡಿಯಲ್ಲಿ ಒಂದೊಂದರ ಮೇಲೂ ಹತ್ತಿ ಕುಣಿದು ನೋಡಿದೆ. ಆನೆ ಹತ್ತಿಸುತ್ತೀರಾ ಎಂದು ಅಂಗಡಿಯವನು ಮರಾಠಿಯಲ್ಲಿ ನಕ್ಕ. ಅಗಲವಾದ, ಹಿಡಿಕೆಯಿರುವ ಕಬ್ಬಿಣದ್ದನ್ನೇ ಆರಿಸಿದೆ. ನಿನ್ನ ಮೊಣಕಾಲೂ ಬೈಯದಷ್ಟು ಗಿಡ್ಡ ಮೆಟ್ಟಿಲುಗಳು.

ಜೋಡಿಸಿದ ಕೂಡಲೇ ನಿನ್ನ ನಾದಿನಿ ಭೀಮವ್ವ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವೇರಿಸಿದರು. "ಪೂಜಾ ಮಾಡಿದ್ದರ ಮ್ಯಾಲೆ ಇವತ್ತೊಂದಿನ ಕಾಲ ಇಡಬ್ಯಾಡ್ರಿ!" ಅಂದರು. ಅಷ್ಟು ಗಟ್ಟಿ ಮೆಟ್ಟಿಲು ತಂದು, ಹತ್ತುವವರೇ ಇಲ್ಲ! ನಗುತ್ತಾ ಎಲ್ಲರೂ ಹೊರಗೇ ಕುರ್ಚಿ ಹಾಕಿಕೊಂಡು ಚಹಾ ಕುಡಿದೆವು, ಪ್ರತಿ ಪ್ರವಾಸದಲ್ಲೂ ಹಳೇ ಮೆಟ್ಟಿಲು ಹತ್ತದೆ ನೀನು ಕೂರುತ್ತಿದ್ದ ಹಾಗೆ.

"ನೀವೆಲ್ಲಾ ಒಳಗ ಹೋಗ್ರಿ, ನನಗ ಇಲ್ಲೇ ಗಾಳಿ ಭಾಳ ಛಲೋ ಬರ್ತದ" ಅನ್ನುತ್ತಿದ್ದೆಯಲ್ಲ.

ಅಲ್ಲಿ ಒಂದಿಷ್ಟೂ ಗಾಳಿ ಬರುವುದಿಲ್ಲವ್ವಾ.