ಬಿದ್ದವನ ಪಕ್ಕೆಗೆ

ಮಂಗಳವಾರ, ಮಾರ್ಚ್ ೧೧

ಕೆಲಸ ಸಿಕ್ಕಿತು. ಅಮ್ಮನಿಗೆ ಅಷ್ಟೇ ಹೇಳಿದ್ದೇನೆ.

ಸರ್ಕಾರಿ ಆಸ್ಪತ್ರೆಗಳಿಗೆ ಏಳು ಅರ್ಜಿ ಹಾಕಿದ ಮೇಲೆ ಬಂದ ಮೊದಲ ಸಂದರ್ಶನ ಇದು. ನರ್ಸ್ ಹುದ್ದೆ, ಒಂದು ವರ್ಷದ ಗುತ್ತಿಗೆ. ತುರ್ತು ವಾರ್ಡಿನ ಹೊರಗಿನ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದೆ.

ಒಳಗೆ ಒಬ್ಬ ಹೆಂಗಸು ತೀರಿಕೊಂಡಳು. ಅವಳ ಗಂಡ ಡ್ರಿಪ್ ಹಾಕುವ ಕಬ್ಬಿಣದ ಸ್ಟ್ಯಾಂಡ್ ಎತ್ತಿಕೊಂಡು ಡ್ಯೂಟಿ ನರ್ಸನ್ನು ಹೊರಗಡೆಯವರೆಗೂ ಅಟ್ಟಿಸಿಕೊಂಡು ಬಂದ. ಎರಡನೇ ಏಟಿಗೆ ಆಕೆ ನನ್ನ ಕಾಲ ಬುಡದಲ್ಲೇ ಬಿದ್ದರು. ನೆತ್ತಿ ಒಡೆದು ರಕ್ತ ಬಳಬಳ ಸುರಿಯಿತು. ಅವನು ಮತ್ತೆ ಸ್ಟ್ಯಾಂಡ್ ಎತ್ತಿದಾಗ ಅವನ ಮೊಣಕಾಲಿಗೆ ಜಾಡಿಸಿ ಒದ್ದೆ. ಬಿದ್ದ. ಆಮೇಲೆ ಡಾಕ್ಟರು ಬರುವ ತನಕ ಆಕೆಯ ಗಾಯವನ್ನು ಅದುಮಿ ಹಿಡಿದಿದ್ದೆ.

ಸಂದರ್ಶನದಲ್ಲಿ ಅಧೀಕ್ಷಕರು ರಕ್ತ ಮೆತ್ತಿದ ನನ್ನ ತೋಳು ನೋಡಿದರು. “ಇಷ್ಟೆಲ್ಲಾ ಆದ್ಮೇಲೂ ಈ ಕೆಲಸ ಬೇಕೇನಮ್ಮಾ?”

“ಬೇಕು ಸರ್.”

“ಸೋಮವಾರ ಬಂದ್ಬಿಡಿ. ನಿಮ್ಮಂಥ ಗಟ್ಟಿಗಿತ್ತಿಯರೇ ನಮಗೆ ಬೇಕಾಗಿರೋದು.”

ಗಟ್ಟಿಗಿತ್ತಿಯಂತೆ. ಅವನು ಬಿದ್ದಾಗಲೇ ಸ್ಟ್ಯಾಂಡ್ ದೂರ ಉರುಳಿತ್ತು. “ನನ್ನ ಹೆಂಡ್ತೀನ ಎಬ್ಬಿಸ್ರೋ, ಯಾರಾದ್ರೂ ಎಬ್ಬಿಸ್ರೋ” ಎಂದು ನೆಲಕ್ಕೆ ಮುಖ ಒತ್ತಿ ಅಳುತ್ತಿದ್ದ. ಆಗಲೂ ಒದ್ದೆ, ಪಕ್ಕೆಗೆ, ಎರಡು ಸಲ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒದೆಯುವಾಗ ನನಗೆ ಹಿತವಾಗಿತ್ತು. ಹೌದು, ಹಿತವೇ. ಇನ್ನು ಬರೆಯಲಾರೆ.